99 ಡಾಲರ್ ಕೊಟ್ಟು ರೈತನ ತೋಟದಲ್ಲಿ ಒಂದು ರಾತ್ರಿ: ಈ ಸದಸ್ಯತ್ವ ಬೇಕಾ, ಬೇಡ್ವಾ?

ಹೋದ ವಾರ ಬೆಳಗ್ಗೆ ಐದೂವರೆಗೆ ಸೀಬೆ ಸಾಲಿನಲ್ಲಿ ಡ್ರಿಪ್ ವಾಲ್ವ್ ತಿರುಗಿಸ್ತಾ ಇದ್ದೆ. ಕ್ಯಾಲಿಫೋರ್ನಿಯಾದಿಂದ ಭಾವನ ವಾಯ್ಸ್ ಮೆಸೇಜ್ ಬಂತು. "ಆ ತೋಟದಲ್ಲಿ ಗಾಡಿ ನಿಲ್ಲಿಸೋ ಮೆಂಬರ್‌ಶಿಪ್ಪು ಈ ತಿಂಗಳ ಕೊನೆಗೆ ಮುಗಿಯುತ್ತೆ. ಕಾರ್ಡಿಂದ ದುಡ್ಡು ತಾನಾಗೇ ಕಟ್ ಆಗುತ್ತಂತೆ. ನಿಮ್ಮಕ್ಕ ಬೇಡ ಅಂತಾಳೆ. ನೀನೇನಂತೀಯ?"

ಹೋದ ವರ್ಷ ಅದೇ ಸದಸ್ಯತ್ವದ ಮೇಲೆ ಅವರ ಜೊತೆ ನಾನೂ ಎರಡು ರಾತ್ರಿ ತೋಟಗಳಲ್ಲಿ ಮಲಗಿದ್ದೆ. ಹಾಗಾಗಿ ಈ ಪ್ರಶ್ನೆಗೆ ಉತ್ತರ ಕೊಡೋ ಹಕ್ಕು ನನಗಿದೆ ಅಂದ್ಕೊಂಡೆ. ಆಮೇಲೆ ಯೋಚಿಸಿದರೆ, ಇದರಲ್ಲಿ ನಮ್ಮಂಥ ಬೆಳೆಗಾರರು ತಿಳ್ಕೊಳ್ಳಬೇಕಾದ್ದು ಭಾವ ತಿಳ್ಕೊಳ್ಳಬೇಕಾದ್ದಕ್ಕಿಂತ ಹೆಚ್ಚಿದೆ ಅನ್ನಿಸಿತು. ಅದಕ್ಕೇ ಈ ವಾರ ಗೊಬ್ಬರ, ಕೀಟ ಎಲ್ಲ ಪಕ್ಕಕ್ಕಿಟ್ಟು ಇದನ್ನು ಬರೀತಾ ಇದೀನಿ.

ಮೊದಲು ವಿಷಯ ಏನು ಅಂತ ಹೇಳಿಬಿಡ್ತೀನಿ. ಅಮೆರಿಕದಲ್ಲಿ ಆರ್.ವಿ. ಅಂತ ಒಂದು ಗಾಡಿ. ಚಕ್ರದ ಮೇಲಿನ ಮನೆ ಅನ್ನಿ. ಹಾಸಿಗೆ, ಒಲೆ, ಫ್ರಿಜ್, ಬಚ್ಚಲು, ಕಕ್ಕಸು ಎಲ್ಲ ಒಳಗೇ. ನೆಲದ ಅಡಿಗೆ ಮೂರು ಟ್ಯಾಂಕು: ಒಂದರಲ್ಲಿ ಒಳ್ಳೆ ನೀರು, ಇನ್ನೊಂದಕ್ಕೆ ಸ್ನಾನ-ಪಾತ್ರೆ ನೀರು, ಮೂರನೆಯದಕ್ಕೆ ಕಕ್ಕಸಿನದು. ಭಾವ ತಗೊಂಡಿದ್ದು 24 ಅಡಿ ಉದ್ದದ ಸೆಕೆಂಡ್ ಹ್ಯಾಂಡ್ ಗಾಡಿ. ಇದನ್ನು ರಾತ್ರಿ ಎಲ್ಲಿ ಬೇಕಂದ್ರೆ ಅಲ್ಲಿ ನಿಲ್ಲಿಸೋ ಹಾಗಿಲ್ಲ. ಖಾಸಗಿ ಕ್ಯಾಂಪ್‌ಗ್ರೌಂಡಿಗೆ ಹೋದ್ರೆ ಕರೆಂಟು, ನೀರು, ಚರಂಡಿ ಸಂಪರ್ಕ ಕೊಡ್ತಾರೆ, ದುಡ್ಡು ತಗೋತಾರೆ. ಭಾವನ ಹಿಂದಿನ ವರ್ಷದ ರಸೀದಿಗಳನ್ನೆಲ್ಲ ಕೂಡಿ ನೋಡಿದ್ದೆ. ಒಂದು ರಾತ್ರಿಗೆ ಸರಾಸರಿ 52 ಡಾಲರ್ ಬಿದ್ದಿತ್ತು.

ಇದಕ್ಕೆ ಬದಲಿಯಾಗಿ ಬಂದಿದ್ದು ಹಾರ್ವೆಸ್ಟ್ ಹೋಸ್ಟ್ಸ್ ಅನ್ನೋ ಸದಸ್ಯತ್ವ. 2009ರಲ್ಲಿ ಶುರುವಾದದ್ದು. ಈಗ ಐದು ಸಾವಿರಕ್ಕೂ ಹೆಚ್ಚು ತೋಟ, ವೈನ್ ತಯಾರಕರು, ಬಿಯರ್ ತಯಾರಕರು, ಸಣ್ಣಪುಟ್ಟ ಮ್ಯೂಸಿಯಂಗಳು ಇದರ ಪಟ್ಟಿಯಲ್ಲಿವೆ. ಭಾವ ಕಟ್ಟಿದ್ದು ವರ್ಷಕ್ಕೆ 99 ಡಾಲರ್, ನಮ್ಮ ದುಡ್ಡಲ್ಲಿ ಎಂಟೂವರೆ ಸಾವಿರದ ಹತ್ತಿರ. ಕಟ್ಟಿದ ಮೇಲೆ ಆ್ಯಪ್‌ನಲ್ಲಿ ತೋಟ ಹುಡುಕಿ, ಮುಂಚೆಯೇ ಕೇಳಿ, ಅವರು ಒಪ್ಪಿದರೆ ಒಂದು ರಾತ್ರಿ ಗಾಡಿ ನಿಲ್ಲಿಸಬಹುದು. ನಿಲ್ಲಿಸೋಕೆ ಬಾಡಿಗೆ ಇಲ್ಲ. ಅದರ ಬದಲು ಆ ತೋಟದಲ್ಲಿ ಏನಾದರೂ ಕೊಳ್ಳಬೇಕು, ಒಂದು 30 ಡಾಲರಿನಷ್ಟಾದರೂ ಕೊಳ್ಳಿ ಅಂತ ಅವರೇ ಹೇಳ್ತಾರೆ. ಕರೆಂಟಿಲ್ಲ, ನೀರಿಲ್ಲ. ಟೆಂಟ್ ಹಾಕೋ ಹಾಗಿಲ್ಲ. ಗಾಡಿಯೊಳಗೇ ಕಕ್ಕಸು, ಟ್ಯಾಂಕು ಇರಲೇಬೇಕು. ಬೆಳಗಾದ್ರೆ ಹೊರಡಬೇಕು.

ಇದನ್ನು ಕೇಳಿದ ಕೂಡಲೇ ನನ್ನ ತಲೆಗೆ ಬಂದ ಪ್ರಶ್ನೆ: ರೈತನಿಗೇನು ಸಿಗುತ್ತೆ? ಅದಕ್ಕೆ ಆಮೇಲೆ ಬರ್ತೀನಿ.

ಹೋದ ನವೆಂಬರ್ ನಾನು ಅಕ್ಕನ ಮನೆಗೆ ಹೋಗಿದ್ದೆ, ಫ್ರೀಮಾಂಟ್ ಊರಿಗೆ. ತೋಟ ಅಪ್ಪನ ಕೈಗೆ ಬಿಟ್ಟು ಐದು ವಾರ. ಥ್ಯಾಂಕ್ಸ್‌ಗಿವಿಂಗ್ ವಾರ ಮಕ್ಕಳಿಗೆ ಸ್ಕೂಲ್ ರಜೆ. ಗಾಡಿ ತಗೊಂಡು ಹೊರಡೋದು ಅಂತಾಯ್ತು. ಹೊರಡೋ ಹಿಂದಿನ ರಾತ್ರಿ ಊಟದ ಮೇಜಿನ ಮೇಲೆ ಜಗಳ. ಭಾವ ಆಗಲೇ ಸದಸ್ಯತ್ವ ಕೊಂಡುಬಿಟ್ಟಿದ್ರು. ಅಕ್ಕ ಸೌಟು ಕೆಳಗಿಟ್ಟು ಹೇಳಿದಳು: "ನಿಮ್ಮಪ್ಪನ ತೋಟದಲ್ಲಿ ಒಂದು ಪೈಸೆ ಇಲ್ಲದೆ ಮಲಗಬಹುದಿತ್ತು. ಅದನ್ನ ಮಾರಿದ್ವಿ. ಈಗ ಯಾರದೋ ತೋಟದಲ್ಲಿ ಮಲಗೋಕೆ 99 ಡಾಲರ್."

ಭಾವ ಮಾತಾಡಲಿಲ್ಲ. ತಿಪಟೂರು ಕಡೆ ಅವರ ಅಪ್ಪನದು ಆರೆಕರೆ ತೆಂಗಿನ ತೋಟ ಇತ್ತು. ಅಪ್ಪನಿಗೆ ಹುಷಾರಿಲ್ಲದೆ ಹೋದಾಗ, ನೋಡ್ಕೊಳ್ಳೋರು ಇಲ್ಲ ಅಂತ ಮಾರಿದ್ರು. ಆ ವಿಷಯ ಮನೆಯಲ್ಲಿ ಯಾರೂ ಎತ್ತೋದಿಲ್ಲ. ಅಕ್ಕನೂ ಆಮೇಲೆ ಎದ್ದುಹೋಗಿ ಪಾತ್ರೆ ತೊಳೆಯೋಕೆ ನಿಂತಳು.

ಸೋಮವಾರ ಹೊರಟು ಮೊದಲು ಹೋದದ್ದು ಕಮೀನೋ ಅನ್ನೋ ಬೆಟ್ಟದೂರಿಗೆ, ಪ್ಲೇಸರ್‌ವಿಲ್ ದಾಟಿ, ಹೆಚ್ಚುಕಮ್ಮಿ ಮೂರು ಗಂಟೆ ದಾರಿ. ಆ ಭಾಗಕ್ಕೆ ಆ್ಯಪಲ್ ಹಿಲ್ ಅಂತಾರೆ. ತೋಟಗಾರಿಕೆ ಓದಿದವನಿಗೆ ಅದೊಂದು ಪಾಠದ ಊರು. ಮೊದಲು ಅಲ್ಲಿ ಸೇಬಿಗಿಂತ ಹೆಚ್ಚಾಗಿ ಇದ್ದದ್ದು ಪೇರ್ ಹಣ್ಣಿನ ತೋಟಗಳು. 1950ರ ದಶಕದ ಕೊನೆಯಲ್ಲಿ ಪೇರ್ ಡಿಕ್ಲೈನ್ ಅನ್ನೋ ರೋಗ ಬಂತು. ಫೈಟೋಪ್ಲಾಸ್ಮಾದಿಂದ ಬರೋ ರೋಗ ಅದು, ಸಿಲ್ಲಾ ಅನ್ನೋ ಸಣ್ಣ ಕೀಟ ಹರಡುತ್ತೆ. ಸುಳ್ಯ, ಶೃಂಗೇರಿ ಕಡೆ ಅಡಿಕೆಯ ಹಳದಿ ಎಲೆ ರೋಗ ನೋಡಿದವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ, ಅದೂ ಇದೇ ಜಾತಿಯದು. ಮರ ನಿಂತಲ್ಲೇ ಸೊರಗ್ತಾ ಹೋಗುತ್ತೆ. ಪೇರ್ ಹೋದ ಮೇಲೆ ಅವರು ಸೇಬಿನ ಕಡೆ ತಿರುಗಿದ್ರು. ಆದರೆ ಸಣ್ಣ ಸಣ್ಣ ತೋಟ, ಬೆಟ್ಟದ ಇಳಿಜಾರು. ಮಂಡಿಗೆ ಕಳಿಸಿ ದೊಡ್ಡವರ ಜೊತೆ ಪೈಪೋಟಿ ಆಗೋದಿಲ್ಲ. 1964ರಲ್ಲಿ ಕೆಲವು ಬೆಳೆಗಾರರು ಸಂಘ ಕಟ್ಟಿಕೊಂಡು, ಗಿರಾಕಿಯನ್ನೇ ತೋಟದ ಬಾಗಿಲಿಗೆ ಕರೆಯೋದು ಅಂತ ತೀರ್ಮಾನಿಸಿದ್ರು. ಇವತ್ತು ಶರತ್ಕಾಲದ ಶನಿವಾರ-ಭಾನುವಾರ ಆ ರಸ್ತೆಯಲ್ಲಿ ಕಾರುಗಳ ಸಾಲು ನಿಲ್ಲುತ್ತೆ. ಸೇಬು, ಸೇಬಿನ ರಸ, ಸೇಬಿನ ಪೈ, ಬಿಸಿ ಬಿಸಿ ಡೋನಟ್ಟು. ಹಣ್ಣಿಗಿಂತ ಡೋನಟ್ಟಿನ ಕ್ಯೂ ಉದ್ದ, ಅದು ಬೇರೆ ವಿಷಯ.

ನಾವು ಹೋದದ್ದು ಸೋಮವಾರ ಮಧ್ಯಾಹ್ನ ಮೂರೂವರೆಗೆ. ರಸ್ತೆ ಖಾಲಿ. ತೋಟದ ಯಜಮಾನಿ, ಅರವತ್ತು ದಾಟಿದ ಹೆಂಗಸು, ರಬ್ಬರ್ ಬೂಟು ಹಾಕ್ಕೊಂಡು ಬಂದು ಗಾಡಿಯ ಮುಂದೆ ನಡೆದು ಜಾಗ ತೋರಿಸಿದ್ರು. ಗೋಡೌನ್ ಹಿಂದೆ ಜಲ್ಲಿ ಹಾಸಿದ, ಸಮತಟ್ಟಾದ ನೆಲ. ಗೇಟು ಅಗಲ, ತಿರುವು ದೊಡ್ಡದು. ಈ ಸಣ್ಣ ವಿಷಯ ನೆನಪಿಟ್ಕೊಳ್ಳಿ. 24 ಅಡಿ ಗಾಡಿ ನಮ್ಮ ಟಿಪ್ಪರ್ ಲಾರಿಗೆ ಹತ್ತಿರದ ಉದ್ದ. ಮಳೆ ಬಿದ್ದ ಹೊಲಕ್ಕೆ ಇಳಿದರೆ ಟ್ರ್ಯಾಕ್ಟರ್ ಕಟ್ಟಿ ಎಳೀಬೇಕು.

ಅಂಗಡಿ ಮುಚ್ಚೋಕೆ ಮುಂಚೆ ಹೋಗಿ ಸಾಮಾನು ತಗೊಂಡ್ವಿ. ಫ್ಯೂಜಿ ಸೇಬು ಒಂದು ಚೀಲ, ಒಂದು ಪೈ, ಎರಡು ಬಾಟಲು ರಸ, ಸೇಬಿನ ಜಾಮು: 47 ಡಾಲರ್. ಅಕ್ಕ ರಸೀದಿ ಮಡಿಸಿ ಪರ್ಸಿಗೆ ಹಾಕ್ಕೊಂಡು ನನ್ನ ಮುಖ ನೋಡಿದಳು. ಕ್ಯಾಂಪ್‌ಗ್ರೌಂಡಿಗಾದ್ರೆ 52 ಆಗ್ತಿತ್ತು ಅಂತ ನಾನೇನೋ ಹೇಳೋಕೆ ಹೋಗಿ ಸುಮ್ಮನಾದೆ.

ಆ ರಾತ್ರಿ ಚಳಿ ಅಂದ್ರೆ ಚಳಿ. ಮೂರು ಸಾವಿರ ಅಡಿ ಎತ್ತರ, ನವೆಂಬರ್ ಕೊನೆ. ಗಾಡಿಯ ಹೀಟರ್ ಗ್ಯಾಸಿನಲ್ಲಿ ಉರಿಯುತ್ತೆ, ಆದರೆ ಅದರ ಫ್ಯಾನ್ ತಿರುಗೋದು ಬ್ಯಾಟರಿಯಲ್ಲಿ. ಬೆಳಗಿನ ಜಾವ ನಾಲ್ಕಕ್ಕೆ ಬ್ಯಾಟರಿ ಇಳಿದು ಫ್ಯಾನ್ ನಿಂತಿತು. ಜನರೇಟರ್ ಹಾಕಬೇಕಂದ್ರೆ ಯಜಮಾನರ ಅನುಮತಿ ಬೇಕು, ನಾಲ್ಕು ಗಂಟೆಗೆ ಯಾರನ್ನ ಕೇಳೋದು? ಮಕ್ಕಳನ್ನು ನಡುವೆ ಹಾಕ್ಕೊಂಡು, ಇರೋ ಬರೋ ಹೊದಿಕೆ ಎಲ್ಲ ಎಳ್ಕೊಂಡ್ವಿ. ಕರೆಂಟ್ ಸಂಪರ್ಕ ಇಲ್ಲ ಅನ್ನೋ ಒಂದು ಸಾಲಿನ ಅರ್ಥ ಇಷ್ಟು. ಆ್ಯಪ್‌ನಲ್ಲಿ ಓದುವಾಗ ಇದು ಗೊತ್ತಾಗಲ್ಲ.

ಆರು ಗಂಟೆಗೆ ಎದ್ದು ಕಿಟಕಿಯಿಂದ ನೋಡ್ತೀನಿ, ಭಾವ ಗಾಡಿಯಲ್ಲಿಲ್ಲ. ಗೋಡೌನ್ ಮುಂದೆ ಆಯಮ್ಮನ ಜೊತೆ ಸೇಬಿನ ಕ್ರೇಟ್ ಜೋಡಿಸ್ತಾ ಇದ್ರು. ಬೆಂಗಳೂರಲ್ಲಿ ಓದಿ, ಇಪ್ಪತ್ತು ವರ್ಷ ಸಾಫ್ಟ್‌ವೇರ್‌ನಲ್ಲಿರೋ ಮನುಷ್ಯ. ಯಾರೂ ಕರೆದಿರಲಿಲ್ಲ, ತಾವೇ ಹೋಗಿದ್ರು.

ಆಯಮ್ಮನ ಹತ್ತಿರ ನಾನು ಒಂದು ಗಂಟೆ ಕೂತು ಮಾತಾಡಿದೆ. ನಾನೂ ಬೆಳೆಗಾರ ಅಂದಿದ್ದಕ್ಕೆ ಬಿಚ್ಚಿ ಮಾತಾಡಿದ್ರು. ನನ್ನ ಪ್ರಶ್ನೆ ಒಂದೇ: "ಸದಸ್ಯತ್ವದ ಹಣದಲ್ಲಿ ನಿಮಗೆಷ್ಟು?" ಏನೂ ಇಲ್ಲ. ಆ ದುಡ್ಡು ಪೂರ್ತಿ ಕಂಪನಿಗೆ. ಆದರೆ ಪಟ್ಟಿಯಲ್ಲಿ ಸೇರೋಕೆ ಅವರೂ ಏನೂ ಕೊಟ್ಟಿಲ್ಲ. ಅಂಗಡಿಯಲ್ಲಿ ಮಾರಾಟವಾದದ್ದು ಪೂರ್ತಿ ಅವರದ್ದೇ, ಕಮಿಷನ್ ಇಲ್ಲ. "ಶನಿವಾರ ನಾನು ಒಂದು ಆರ್.ವಿ.ಯನ್ನೂ ಒಪ್ಪೋದಿಲ್ಲ. ಆ ಜಾಗದಲ್ಲಿ ನಾಲ್ಕು ಕಾರು ನಿಲ್ಲುತ್ತೆ. ಸೋಮವಾರ, ಮಂಗಳವಾರ ಯಾರೂ ಬರಲ್ಲ. ಆವಾಗ ವಾರಕ್ಕೆ ಮೂರು ಗಾಡಿ ಬಂದು ಒಬ್ಬೊಬ್ಬರು 35 ಡಾಲರಿನ ಸಾಮಾನು ತಗೊಂಡ್ರೆ ನನಗೆ ಅಷ್ಟೇ ಸಾಕು" ಅಂದ್ರು.

ಈ ಲೆಕ್ಕ ನನಗೆ ತುಂಬ ಹಿಡಿಸಿತು. ಆಯಮ್ಮ ಜಾಗ ಬಾಡಿಗೆಗೆ ಕೊಡ್ತಾ ಇಲ್ಲ. ಖಾಲಿ ದಿನಕ್ಕೆ ಗಿರಾಕಿ ಹುಡುಕ್ತಾ ಇದ್ದಾರೆ. ಅವರ ಹತ್ತಿರ ಕೌಂಟರ್ ಇದೆ, ಅದರ ಮೇಲೆ ನವೆಂಬರ್‌ನಲ್ಲೂ ಮಾರೋಕೆ ಹತ್ತು ಬಗೆ ಸಾಮಾನಿದೆ. ಬರೀ ತೋಟ ಇದ್ದು ಮಾರೋಕೆ ಏನೂ ಇಲ್ಲದಿದ್ರೆ, ಬಂದವರು ಮಲಗಿ, ಫೋಟೋ ತಗೊಂಡು, ಥ್ಯಾಂಕ್ಸ್ ಹೇಳಿ ಹೋಗ್ತಾರೆ.

ಎಲ್ಲರೂ ಒಳ್ಳೆಯವರೇ ಬರ್ತಾರಾ ಅಂತ ಕೇಳಿದೆ. ನಕ್ಕರು. ಒಬ್ಬರು ಒಂದೇ ಒಂದು ಜಾಮಿನ ಬಾಟಲು ತಗೊಂಡು, ಮೆಲ್ಲಗೆ ಪೈಪ್ ಎಳೆದು ಟ್ಯಾಂಕಿಗೆ ನೀರು ತುಂಬಿಸ್ಕೊಂಡಿದ್ರಂತೆ. ಆ ಬೆಟ್ಟದಲ್ಲಿ ನೀರಿನ ಬೆಲೆ ಅವರಿಗೆ ಗೊತ್ತು. ಇನ್ನೊಬ್ಬರು ಪಾತ್ರೆ ತೊಳೆದ ನೀರಿನ ಟ್ಯಾಂಕನ್ನು ಮರದ ಬುಡಕ್ಕೇ ಬಿಟ್ಟು ಹೋಗಿದ್ರಂತೆ, "ಮರಕ್ಕೆ ನೀರಾಗುತ್ತೆ" ಅಂತ. ಇದನ್ನು ಕೇಳಿ ನನಗೆ ಮೈ ಉರೀತು. ಅಮೆರಿಕದ ಸಾವಯವ ಪ್ರಮಾಣೀಕರಣದಲ್ಲಿ ಚರಂಡಿಯ ಕೆಸರು ಜಮೀನಿಗೆ ಬೀಳೋ ಹಾಗೇ ಇಲ್ಲ. ಹಸಿ ಸಗಣಿ ಗೊಬ್ಬರ ಹಾಕಿದರೂ, ಮಣ್ಣಿಗೆ ತಾಗುವ ಬೆಳೆಗೆ ಕೊಯ್ಲಿಗೆ 120 ದಿನ, ತಾಗದ ಬೆಳೆಗೆ 90 ದಿನ ಮುಂಚೆ ಹಾಕಿರಬೇಕು. ಅಷ್ಟು ಕಟ್ಟುನಿಟ್ಟು. ಅಂಥ ತೋಟದಲ್ಲಿ ಯಾವನೋ ಒಬ್ಬ ಟ್ಯಾಂಕಿನ ನಲ್ಲಿ ತಿರುಗಿಸಿದರೆ ಅವನಿಗೆ ಐದು ನಿಮಿಷದ ಉಳಿತಾಯ, ರೈತನಿಗೆ ವರ್ಷಗಳ ಕಷ್ಟ. ಟ್ಯಾಂಕ್ ಖಾಲಿ ಮಾಡೋಕೆ ಅಂತಲೇ ಬೇರೆ ಡಂಪ್ ಸ್ಟೇಷನ್‌ಗಳಿವೆ. ಅಲ್ಲಿಗೇ ಹೋಗಬೇಕು. ಅದರ ಖರ್ಚೂ ಈ "ಬಾಡಿಗೆಯಿಲ್ಲದ" ರಾತ್ರಿಯ ಲೆಕ್ಕಕ್ಕೇ ಸೇರಬೇಕು, ಯಾರೂ ಸೇರಿಸಲ್ಲ.

ಮಂಗಳವಾರ ಉತ್ತರಕ್ಕೆ ಹೊರಟು ಕಾರ್ನಿಂಗ್ ಕಡೆ ಹೋದ್ವಿ. ಆಲಿವ್ ಊರು ಅಂತಲೇ ಹೆಸರು ಅದಕ್ಕೆ. ಒಂದು ಆಲಿವ್ ಎಣ್ಣೆ ತೋಟಕ್ಕೆ ಹಿಂದಿನ ದಿನವೇ ಕೋರಿಕೆ ಕಳಿಸಿದ್ವಿ. ಮಧ್ಯಾಹ್ನ ಉತ್ತರ ಬಂತು: ಕೊಯ್ಲು ನಡೀತಿದೆ, ರಾತ್ರಿಯೂ ಯಂತ್ರಗಳು ಓಡಾಡ್ತವೆ, ಮಕ್ಕಳಿರೋ ಗಾಡಿ ಬೇಡ, ಕ್ಷಮಿಸಿ. ಭಾವನಿಗೆ ಬೇಸರ ಆಯ್ತು. ದುಡ್ಡು ಕೊಟ್ಟ ಮೇಲೂ ಇಲ್ಲ ಅಂತಾರಲ್ಲ ಅಂತ. ನನಗೆ ಮಾತ್ರ ಆ ರೈತನ ಮೇಲೆ ಗೌರವ ಬಂತು. ಇಲ್ಲ ಅನ್ನೋ ಹಕ್ಕು ಬೆಳೆಗಾರನ ಕೈಯಲ್ಲಿ ಇರೋದರಿಂದಲೇ ಇದು ನಡೀತಿರೋದು. ಔಷಧಿ ಸಿಂಪಡಿಸಿದ ದಿನ, ಕೊಯ್ಲಿನ ದಿನ, ಮನೆಯಲ್ಲಿ ಸಾವಾದ ದಿನ ಯಾರೋ ಬಂದು "ಬುಕ್ ಆಗಿದೆ" ಅಂತ ಗೇಟಿನ ಮುಂದೆ ನಿಂತರೆ ಹೇಗಿರುತ್ತೆ ಯೋಚಿಸಿ. ಆ ರಾತ್ರಿ ಕ್ಯಾಂಪ್‌ಗ್ರೌಂಡಿಗೆ 58 ಡಾಲರ್ ಕೊಟ್ಟು ಮಲಗಿದ್ವಿ. ಬಿಸಿನೀರು, ಕರೆಂಟು ಎಲ್ಲ ಇತ್ತು. ಅಕ್ಕ ಬಹಳ ಖುಷಿಯಾಗಿದ್ದಳು.

ವಾಪಸ್ ಬರುವಾಗ ಕಪೇ ಕಣಿವೆಯಲ್ಲಿ ಒಂದು ಸಾವಯವ ತರಕಾರಿ ತೋಟ. ಅಲ್ಲಿಗೆ ನಾನೇ ಹಟ ಮಾಡಿ ಕರ್ಕೊಂಡು ಹೋದೆ. ಚಳಿಗಾಲದ ಸೊಪ್ಪು, ಕೋಸು, ಬಾದಾಮಿ ಮರ, ಸಾಲುಗಳ ನಡುವೆ ಹಸಿರೆಲೆ ಗೊಬ್ಬರದ ಬೆಳೆ. ನನಗೆ ಹಬ್ಬ. ಆದರೆ ಲೆಕ್ಕ ಹೇಳ್ತೀನಿ ಕೇಳಿ. ಹೆದ್ದಾರಿಯಿಂದ ಹೋಗಿ ಬರೋಕೆ 30 ಮೈಲಿ ಹೆಚ್ಚು. ಈ ಗಾಡಿ ಗ್ಯಾಲನ್‌ಗೆ 9 ಮೈಲಿ ಕೊಡುತ್ತೆ, ಗ್ಯಾಲನ್ ಅಂದ್ರೆ ಮೂರೂಮುಕ್ಕಾಲು ಲೀಟರ್. ಪೆಟ್ರೋಲಿಗೆ ನಾವು ಕೊಟ್ಟಿದ್ದು ಗ್ಯಾಲನ್‌ಗೆ 4 ಡಾಲರ್ 80 ಸೆಂಟ್. ಆ ಸುತ್ತಿಗೇ 16 ಡಾಲರ್ ಹೋಯ್ತು. ತೋಟದಲ್ಲಿ 38 ಡಾಲರಿನ ತರಕಾರಿ, ಬಾದಾಮಿ. ಒಟ್ಟು 54. ಕ್ಯಾಂಪ್‌ಗ್ರೌಂಡಿನ ಸರಾಸರಿಗಿಂತ ಎರಡು ಡಾಲರ್ ಜಾಸ್ತಿ.

ಈಗ ಭಾವನ ಪ್ರಶ್ನೆಗೆ ಬರೋಣ. ಅಂಥ ಸದಸ್ಯತ್ವ ಮಾರೋರು ಹೇಳೋದು "ಎರಡು ರಾತ್ರಿಗೆ ದುಡ್ಡು ವಸೂಲ್" ಅನ್ನೋ ಧಾಟಿಯಲ್ಲಿ. 52ನ್ನು ಎರಡರಿಂದ ಗುಣಿಸಿ, 104, ಆಯ್ತಲ್ಲ ಅಂತ. ಅದು ಅರ್ಧ ಲೆಕ್ಕ. ಪ್ರತಿ ರಾತ್ರಿ 30 ಡಾಲರ್ ಕೊಂಡರೆ ನಿಜವಾಗಿ ಉಳಿಯೋದು 22. 99ಕ್ಕೆ 22ರಂತೆ ಐದು ರಾತ್ರಿ ಬೇಕು. ಸುತ್ತು ದಾರಿ ಹಿಡಿದರೆ ಇನ್ನೂ ಜಾಸ್ತಿ. ಮತ್ತೆ ಹೋಲಿಸಬೇಕಾದ್ದು ಕ್ಯಾಂಪ್‌ಗ್ರೌಂಡಿಗೇ ಯಾಕೆ? ಬರೀ ಮಲಗೋಕೆ ಜಾಗ ಬೇಕು ಅನ್ನೋರಿಗೆ ಅಲ್ಲಿ ಬಿಟ್ಟಿ ಜಾಗಗಳೇ ಇವೆ. ಫೆಡರಲ್ ಸರ್ಕಾರದ ಬಿ.ಎಲ್.ಎಂ. ಭೂಮಿಯಲ್ಲಿ ಸಾಮಾನ್ಯವಾಗಿ 28 ದಿನದಲ್ಲಿ 14 ದಿನದವರೆಗೆ ದುಡ್ಡಿಲ್ಲದೆ ಇರಬಹುದು. ಕೆಲವು ವಾಲ್‌ಮಾರ್ಟ್ ಅಂಗಡಿಗಳಲ್ಲಿ ಮ್ಯಾನೇಜರನ್ನ ಕೇಳಿ ರಾತ್ರಿ ನಿಲ್ಲಿಸ್ತಾರೆ. ಕ್ಯಾಲಿಫೋರ್ನಿಯಾದ ಹೆದ್ದಾರಿ ವಿಶ್ರಾಂತಿ ತಾಣದಲ್ಲಿ 8 ಗಂಟೆ ನಿಲ್ಲಬಹುದು. ಉಳಿತಾಯವೇ ಗುರಿ ಅಂದ್ರೆ ಈ ಸದಸ್ಯತ್ವಕ್ಕೆ ಅರ್ಥವೇ ಇಲ್ಲ.

ಇನ್ನೂ ಒಂದು ಇದೆ, ಇದನ್ನು ಅಕ್ಕನೇ ಕಂಡುಹಿಡಿದದ್ದು. ತೋಟದಲ್ಲಿ ಒಂದೇ ರಾತ್ರಿ. ಅವರ ಪ್ರವಾಸಗಳು ಹಾಗಿಲ್ಲ. ಹಿಂದಿನ ವರ್ಷ ಅವರು ಗಾಡಿಯಲ್ಲಿ ಕಳೆದದ್ದು 15 ರಾತ್ರಿ. ಅದರಲ್ಲಿ 11 ರಾತ್ರಿ ಒಂದೊಂದು ಪಾರ್ಕಿನಲ್ಲೇ ಮೂರ್ನಾಲ್ಕು ದಿನ ಬೀಡುಬಿಟ್ಟದ್ದು, ಮಕ್ಕಳಿಗೆ ದಿನಾ ಹೊರಡೋದು ಆಗಲ್ಲ. ದಾರಿಯಲ್ಲಿ ಎಲ್ಲೋ ಮಲಗಬೇಕಾಗಿ ಬಂದ ರಾತ್ರಿಗಳು ಬರೀ ನಾಲ್ಕು. ಈ ಸದಸ್ಯತ್ವ ಕೆಲಸಕ್ಕೆ ಬರೋದು ಆ ನಾಲ್ಕಕ್ಕೆ ಮಾತ್ರ. "ವರ್ಷಕ್ಕೆ 15 ರಾತ್ರಿ ಹೋಗ್ತೀವಿ" ಅಂತ ಭಾವ ಹಾಕಿದ್ದ ಲೆಕ್ಕ ಅಲ್ಲೇ ಬಿದ್ದುಹೋಯ್ತು.

ಈ ವರ್ಷ ಅವರು ಬಳಸಿದ್ದು ಮೂರೇ ರಾತ್ರಿ, ನಾನಿದ್ದ ಎರಡು, ವಸಂತದಲ್ಲಿ ಒಂದು ಸ್ಟ್ರಾಬೆರಿ ತೋಟ. ಅಲ್ಲಿ 31 ಡಾಲರ್ ಖರ್ಚು. ಕೂಡಿಸಿ ನೋಡಿ: ಉಳಿದ ಕ್ಯಾಂಪ್‌ಗ್ರೌಂಡ್ ಬಾಡಿಗೆ 156. ಕೊಟ್ಟಿದ್ದು ಸದಸ್ಯತ್ವಕ್ಕೆ 99, ಸಾಮಾನಿಗೆ 116, ಒಟ್ಟು 215. ಪೆಟ್ರೋಲ್ ಬಿಟ್ಟರೂ 59 ಡಾಲರ್ ಕೈಯಿಂದ ಹೋಯ್ತು. ಹೌದು, ಸೇಬು ತಿಂದ್ವಿ, ಸೊಪ್ಪು ಸಾರಾಯ್ತು. ಆ ಸಾಮಾನಿನಲ್ಲಿ ಅರ್ಧ ಹೇಗೂ ಅಂಗಡಿಯಲ್ಲಿ ಕೊಳ್ತಿದ್ದದ್ದೇ ಅಂತ ಹಿಡಿದರೆ ಸಮಸಮ ಆಗುತ್ತೆ, ಒಂದು ಡಾಲರ್ ಆಚೀಚೆ.

ದುಡ್ಡಿನ ಲೆಕ್ಕದಲ್ಲಿ ಅಕ್ಕ ಹೇಳೋದು ಸರಿ. ಆದರೆ ನನ್ನ ಅಭಿಪ್ರಾಯ ಅಷ್ಟಕ್ಕೇ ನಿಲ್ಲಲ್ಲ. ಈ ಸದಸ್ಯತ್ವ ಯಾರಿಗೆ ತಕ್ಕದ್ದು ಅಂದ್ರೆ, ರೈತನ ಬಾಗಿಲಲ್ಲಿ ಸಾಮಾನು ಕೊಳ್ಳೋದನ್ನೇ ಪ್ರವಾಸ ಅಂದ್ಕೊಳ್ಳೋರಿಗೆ, ದಿನಕ್ಕೊಂದು ಊರು ಅಂತ ನಿಧಾನವಾಗಿ ಸಾಗೋರಿಗೆ, ನಿವೃತ್ತಿಯಾಗಿ ವಾರದ ನಡುವೆ ಓಡಾಡಬಲ್ಲವರಿಗೆ. ಅಂಥವರಿಗೆ ವರ್ಷಕ್ಕೆ ಹತ್ತು-ಹದಿನೈದು ರಾತ್ರಿ ಸುಲಭ, ಕಣ್ಣು ಮುಚ್ಚಿ ತಗೋಬಹುದು. ಎಂಟು ಗಂಟೆ ಡ್ರೈವ್ ಮಾಡಿ ಕತ್ತಲಾದ ಮೇಲೆ ಬಂದು, ಬೆಳಗ್ಗೆ ಆರಕ್ಕೆ ಹೊರಡೋರು ತಗೋಬಾರದು. ಅವರಿಗೂ ಲಾಭ ಇಲ್ಲ, ಅಂಗಡಿ ಮುಚ್ಚಿದ ಮೇಲೆ ಬಂದವರಿಂದ ರೈತನಿಗೂ ಇಲ್ಲ.

ನಮ್ಮಲ್ಲಿ ಇದನ್ನು ಓದ್ತಿರೋ ಎಷ್ಟೋ ಜನಕ್ಕೆ ಇದೆಲ್ಲ ದೂರದ ಮಾತು ಅನ್ನಿಸಬಹುದು. ನನಗೂ ಹಾಗೇ ಅನ್ನಿಸ್ತಿತ್ತು. ಆದರೆ ಈ ಜೂನ್‌ನಲ್ಲಿ ನನಗೇ ಒಂದು ಫೋನ್ ಬಂತು. ನನ್ನ ತೋಟ ಯಡಿಯೂರಿನ ಹತ್ತಿರ, ಬೆಂಗಳೂರು-ಹಾಸನದ ಎನ್.ಎಚ್. 75ರಿಂದ ಸ್ವಲ್ಪ ಒಳಗೆ. "ಸಾರ್, ಅಮೆರಿಕ ಮಾದರಿಯಲ್ಲಿ ಆ್ಯಪ್ ಮಾಡ್ತಿದೀವಿ. ಕ್ಯಾರವಾನ್ ಬರೋರು ನಿಮ್ಮ ತೋಟದಲ್ಲಿ ನಿಲ್ತಾರೆ. ನೀವು ವರ್ಷಕ್ಕೆ 6,000 ಕಟ್ಟಿ ಲಿಸ್ಟಿಂಗ್ ಮಾಡಿಸ್ಕೊಳ್ಳಿ" ಅಂದ ಹುಡುಗ. ಮಾತು ಚೆನ್ನಾಗಿತ್ತು. ನಾನು ಕೇಳಿದೆ, ಈಗ ನಿಮ್ಮಲ್ಲಿ ಗಾಡಿ ಇರೋ ಸದಸ್ಯರು ಎಷ್ಟು ಜನ ಇದ್ದಾರಪ್ಪ? ಇನ್ನೂ ಲಾಂಚ್ ಆಗಿಲ್ಲ ಅಂದ. ಬಂದವರು ಏನಾದ್ರೂ ಕೊಳ್ಳಬೇಕು ಅನ್ನೋ ನಿಯಮ ಇದೆಯಾ? ಅದು ನಿಮ್ಮ ಅವರ ನಡುವಿನ ಮಾತು ಸಾರ್ ಅಂದ. ನಾನು ಇಲ್ಲ ಅನ್ನಬಹುದಾ? ಮೂರು ಸಲ ಇಲ್ಲ ಅಂದ್ರೆ ರೇಟಿಂಗ್ ಇಳಿಯುತ್ತೆ ಅಂದ.

ಕೂಸು ಹುಟ್ಟೋಕೆ ಮುಂಚೆ ಕುಲಾವಿ, ಅದೂ ನಮ್ಮ ದುಡ್ಡಲ್ಲಿ. ನಾನು ನೋಡಿದ ಅಮೆರಿಕದ ವ್ಯವಸ್ಥೆಯಲ್ಲಿ ದುಡ್ಡು ಕಟ್ಟೋದು ಗಾಡಿಯವನು, ಆತಿಥ್ಯ ಕೊಡೋ ರೈತ ಅಲ್ಲ. ಫ್ರಾನ್ಸಿನಲ್ಲಿ ಇದಕ್ಕಿಂತ ಹಳೆಯದೊಂದಿದೆ, ಫ್ರಾನ್ಸ್ ಪ್ಯಾಸಿಯಾನ್ ಅಂತ, 1993ರಿಂದ ನಡೀತಿದೆ. ಅಲ್ಲೂ ಫೀಸು ಗಾಡಿಯವರದ್ದೇ. ಅಲ್ಲಂತೂ ಕೊಳ್ಳಲೇಬೇಕು ಅನ್ನೋ ಕಟ್ಟಳೆಯೂ ಇಲ್ಲ, ಆದರೂ ದ್ರಾಕ್ಷಿ ಬೆಳೆಗಾರರು ಜಾಗ ಕೊಡ್ತಾರೆ, ಯಾಕಂದ್ರೆ ಬಂದವರು ವೈನ್ ರುಚಿ ನೋಡಿ ಬರಿಗೈಲಿ ಹೋಗೋದು ಕಡಿಮೆ. ರೈತನೇ ದುಡ್ಡು ಕೊಟ್ಟು ಜಾಗವನ್ನೂ ಕೊಡಬೇಕು ಅಂತ ಕೇಳಿದವನ ಹತ್ತಿರ ಗಿರಾಕಿ ಇಲ್ಲ ಅಂತ ಅರ್ಥ. ಅವನ ಗಿರಾಕಿ ನೀವೇ. ನಾನು ಬೇಡ ಅಂದೆ.

ಹಾಗಂತ ಆಯಮ್ಮನ ಪಾಠ ಬಿಡಲಿಲ್ಲ. ನನ್ನ ಖಾಲಿ ದಿನಗಳು ಯಾವು ಅಂತ ಕೂತು ನೋಡಿದೆ. ಭಾನುವಾರ ಬೆಂಗಳೂರಿನ ಕಾರುಗಳು ಯಡಿಯೂರು ದೇವಸ್ಥಾನಕ್ಕೆ ಬರ್ತವೆ, ಸೀಬೆ ಹೇಗೋ ಖರ್ಚಾಗುತ್ತೆ. ಸೋಮವಾರ, ಅಮಾವಾಸ್ಯೆಗೂ ಬರೋರಿದ್ದಾರೆ. ಮಂಗಳವಾರದಿಂದ ಶುಕ್ರವಾರ ನೊಣ ಹೊಡೀತಾ ಕೂರೋದು. ಗೇಟಿನ ಹತ್ತಿರ ಹುಣಸೆ ಮರದಡಿ ಒಂದು ಮೇಜು ಹಾಕಿ, ಪಕ್ಕದಲ್ಲಿ ಮೂರು ಕಾರು ತಿರುಗೋವಷ್ಟು ಜಲ್ಲಿ ಹಾಕಿಸಿದೆ. ಹೆಂಗಸರು ಮಕ್ಕಳು ಬಳಸೋ ಹಾಗೆ ಒಂದು ಶೌಚಾಲಯ ಶುಚಿಯಾಗಿಟ್ಟೆ. ನುಗ್ಗೆಸೊಪ್ಪಿನ ಪುಡಿ, ಕೊಬ್ಬರಿ ಎಣ್ಣೆ ಕೌಂಟರಿಗೆ ಬಂತು, ಸೀಬೆ ಮುಗಿದ ಕಾಲಕ್ಕೂ ಮಾರೋಕೆ ಏನಾದ್ರೂ ಇರಲಿ ಅಂತ. ಅದಕ್ಕೆ ಆದ ಖರ್ಚು ಆ ಹುಡುಗ ಕೇಳಿದ್ದಕ್ಕಿಂತ ಜಾಸ್ತಿಯೇ. ಆದರೆ ಜಲ್ಲಿ ಮುಂದಿನ ವರ್ಷ ರಿನ್ಯೂ ಮಾಡಿಸಬೇಕಾಗಿಲ್ಲ. ರಾತ್ರಿ ಯಾರನ್ನೂ ಉಳಿಸ್ಕೊಳ್ತಾ ಇಲ್ಲ. ಅದಕ್ಕೆ ಬೇರೆಯೇ ಅನುಮತಿ, ಜವಾಬ್ದಾರಿ ಎಲ್ಲ ಇದೆ, ಬಾವಿಗೆ ಕಟ್ಟೆಯಿಲ್ಲದ ನನ್ನಂಥವನ ತೋಟದಲ್ಲಿ ಸದ್ಯಕ್ಕೆ ಬೇಡ.

ಭಾವನಿಗೆ ಮೊನ್ನೆ ಫೋನ್ ಮಾಡಿ ನೇರವಾಗಿ ಕೇಳಿದೆ: "ಮುಂದಿನ ವರ್ಷ ದಾರಿ ಮೇಲೆ ಮಲಗೋ ರಾತ್ರಿ ಎಷ್ಟು?" ಬೇಸಿಗೆಯಲ್ಲಿ ಆರೆಗಾನ್, ವಾಷಿಂಗ್ಟನ್ ಕಡೆ ಎರಡು ವಾರ ಹೋಗೋ ಆಸೆ ಇದೆ, ರಜೆ ಸಿಗುತ್ತೋ ಇಲ್ಲವೋ ಮಾರ್ಚ್‌ನಲ್ಲಿ ಗೊತ್ತಾಗುತ್ತೆ ಅಂದ್ರು. ಹಾಗಿದ್ರೆ ಈಗ ಯಾಕೆ ಕಟ್ಟಬೇಕು, ಹೊರಡೋ ವಾರ ಕಟ್ಟಿ, ವರ್ಷ ಅಲ್ಲಿಂದ ಶುರುವಾಗಲಿ ಅಂದೆ. ಆ ಪ್ರವಾಸ ಆದ್ರೆ ಆರೇಳು ರಾತ್ರಿ ಖಂಡಿತ ಸಿಗುತ್ತೆ, ಮುಂದಿನ ವಸಂತವೂ ಅದರೊಳಗೇ ಬರುತ್ತೆ.

ಒಂದು ಕ್ಷಣ ಸುಮ್ಮನಿದ್ದು, "ಆಯಮ್ಮ ಫೋಟೋ ಕಳಿಸಿದ್ರು ಕಣೋ, ಈ ವರ್ಷ ಫ್ಯೂಜಿ ಚೆನ್ನಾಗಿ ಬಂದಿದೆಯಂತೆ" ಅಂದ್ರು. ಹಿಂದಿನಿಂದ ಅಕ್ಕನ ದನಿ: "ಅಲ್ಲಿಗೆ ಹೋಗೋಕೆ ಮೆಂಬರ್‌ಶಿಪ್ ಯಾಕ್ರೀ, ಭಾನುವಾರ ಕಾರಲ್ಲಿ ಹೋಗಿ ಬರೋಣ."

ಆಟೋ ರಿನ್ಯೂವಲ್ ಆಫ್ ಮಾಡಿದ್ರಾ ಅಂತ ಕೇಳಿದೆ. ಮಾಡ್ತಾ ಇದೀನಿ, ಆ ಬಟನ್ ಎಲ್ಲಿಟ್ಟಿದ್ದಾರೋ ಹುಡುಕ್ತಾ ಇದೀನಿ ಅಂದ್ರು.